ಎ, ಸಿ, ಬಿ

ಮೊದಲೇ ಹೇಳ್ಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಸೀನಿಯರ್ಸ್ ಹೊಟ್ಟೆಗೆ ಹಾಕ್ಕೊಳ್ಳಿ. ಆದರೆ ಡೇಟಂ ಅಂದ್ರೇನು ಅಂತ ನನಗೆ ಅರ್ಥ ಆಗಿದ್ದೇ ಕನ್ನಡದಲ್ಲಿ, ಅದಕ್ಕೇ ಕನ್ನಡದಲ್ಲೇ ಬರೀತಿದ್ದೀನಿ.

ಕಳೆದ ರಜೆಯಲ್ಲಿ ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದೆ. ನನ್ನನ್ನು ಹಾಕಿದ್ದು ಇನ್‌ಸ್ಪೆಕ್ಷನ್ ರೂಮಿಗೆ. ಅಲ್ಲಿ ಎಸಿ ಇದೆ, ಆದರೆ ನಮಗಾಗಿ ಅಲ್ಲ, ಜಾಬ್‌ಗಾಗಿ. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತ ಸ್ಟ್ಯಾಂಡರ್ಡ್ ಇದೆಯಲ್ಲ. ಮಧ್ಯದಲ್ಲಿ ಕಪ್ಪು ಗ್ರಾನೈಟ್ ಟೇಬಲ್‌ನ ಸಿಎಂಎಂ. ಅದರ ಪ್ರೋಬ್‌ನ ತುದಿಯಲ್ಲಿ ಪುಟ್ಟ ಕೆಂಪು ರೂಬಿ ಗುಂಡು. ಅದು ಜಾಬ್ ಮುಟ್ಟಿದಾಗೆಲ್ಲ ಒಂದು ಪಾಯಿಂಟ್‌ನ ಎಕ್ಸ್, ವೈ, ಝಡ್ ಸಾಫ್ಟ್‌ವೇರ್‌ಗೆ ಹೋಗುತ್ತೆ.

ಎರಡನೇ ವಾರ ಒಂದು ಬ್ರಾಕೆಟ್ ಬಂತು. 150 ಮಿ.ಮೀ. ಉದ್ದ, 30 ಮಿ.ಮೀ. ಅಗಲ. ಉದ್ದಕ್ಕೆ ಸಾಲಾಗಿ ನಾಲ್ಕು ತೂತು, ಒಂದು ತುದಿಯಿಂದ 30, 60, 90, 120 ಮಿ.ಮೀ. ದೂರದಲ್ಲಿ. ಡ್ರಾಯಿಂಗ್‌ನಲ್ಲಿ ಪೊಸಿಷನ್ ಟಾಲರೆನ್ಸ್ ವ್ಯಾಸ 0.1, ಪಕ್ಕದಲ್ಲಿ ಮೂರು ಅಕ್ಷರ, ಎ, ಬಿ, ಸಿ. ಎ ಅಂದ್ರೆ ಕೆಳಗಿನ ಫೇಸ್, ಬಿ ಉದ್ದ ಬದಿ, ಸಿ ಆ ತುದಿಯ ಗಿಡ್ಡ ಬದಿ. 24 ಪೀಸ್‌ಗಳಲ್ಲಿ 5 ಅಳೆಯೋದು ನನ್ನ ಕೆಲಸ.

ಪೀಸ್ ಇಟ್ಟಾಗ ಗಿಡ್ಡ ಬದಿ ನನ್ನ ಕಡೆ ಇತ್ತು. ಸುಲಭ ಅಂತ ಎ ಆದ್ಮೇಲೆ ಅದನ್ನೇ ಮುಟ್ಟಿಸಿದೆ. ಸಾಫ್ಟ್‌ವೇರ್ ಡೇಟಂ ಕೇಳಿದಾಗ್ಲೂ ಅದೇ ಆರ್ಡರ್ ಕೊಟ್ಟೆ. ಎ, ಸಿ, ಬಿ. ಮೂರೂ ಇದೆಯಲ್ಲ, ಹಿಂದೆಮುಂದೆ ಆದ್ರೇನು ಅನ್ಕೊಂಡೆ. ಸಾಫ್ಟ್‌ವೇರ್ ಕೂಡ ಒಂದು ಮಾತೂ ಆಡ್ಲಿಲ್ಲ. ರಿಪೋರ್ಟ್ ಬಂತು, 0.05, 0.08, 0.13, 0.16. ಕೊನೆಯ ಎರಡು ಕೆಂಪು. ಐದೂ ಪೀಸಲ್ಲಿ ಹೆಚ್ಚುಕಮ್ಮಿ ಇದೇ ಕಥೆ. ಪ್ರಿಂಟ್ ತೆಗೆದು ಕೊಟ್ಟೆ. ಹತ್ತು ನಿಮಿಷದಲ್ಲಿ ಇಡೀ ಟ್ರೇಗೆ ಕೆಂಪು ಟ್ಯಾಗ್ ಬಿತ್ತು.

ಊಟ ಆದ್ಮೇಲೆ ವಿಎಂಸಿ ಓಡಿಸೋ ಅಣ್ಣ ಬಂದ್ರು. ಹಾವೇರಿ ಕಡೆಯವರು. ಶಿಫ್ಟ್ ಬುಕ್‌ನಲ್ಲಿ ರಿಜೆಕ್ಷನ್ ಅವರ ಹೆಸರಿಗೆ ಬರೆದಾಗಿತ್ತು. "ತಮ್ಮಾ, ಇನ್ನೊಮ್ಮೆ ನೋಡ್ತೀಯೇನು?" ಅಂದ್ರು. ನಾನು ಸ್ಕ್ರೀನ್ ಅವರ ಕಡೆ ತಿರುಗಿಸಿ, "ನಾನಲ್ಲ ಅಣ್ಣ, ಸಾಫ್ಟ್‌ವೇರ್ ತೋರಿಸ್ತಿದೆ" ಅಂದೆ. ಆ ಮಾತು ನೆನಪಾದ್ರೆ ಈಗ್ಲೂ ನಾಚಿಕೆ ಆಗುತ್ತೆ.

ಅವರು ಜಗಳ ಆಡಲಿಲ್ಲ. ನಂಬರ್‌ಗಳ ಮೇಲೆ ಬೆರಳು ಓಡಿಸಿ, "ಮೊದಲ್ನೇದು ಸರಿ ಐತಿ. ದೂರ ಹೋದಂಗ ತಪ್ಪು ಬೆಳಕೋತ ಹೊಂಟೈತಿ. ಡ್ರಿಲ್ ತಪ್ಪಿದ್ರ ಹಿಂಗ ಒಂದ ಲೆಕ್ಕದಾಗ ತಪ್ಪಂಗಿಲ್ಲ" ಅಂದ್ರು. ಒಂದು ಪೀಸ್ ತಗೊಂಡು ಟ್ರೈ ಸ್ಕ್ವೇರ್‌ನ ಒಳಮೂಲೆಗೆ ಇಟ್ರು. ಮೊದಲು ಉದ್ದ ಬದಿ ಒತ್ತಿ, ಆಮೇಲೆ ಗಿಡ್ಡದ್ದನ್ನು ತಾಗಿಸಿದ್ರು. ಚೆನ್ನಾಗೇ ಕೂತಿತು. ಆಮೇಲೆ ಉಲ್ಟಾ, ಗಿಡ್ಡ ಬದಿ ಗಟ್ಟಿಯಾಗಿ ಒತ್ತಿದ್ರು. ಉದ್ದ ಬದಿಯ ಆ ಕಡೆ ತುದಿಯಲ್ಲಿ ಬೆಳಕಿನ ಗೆರೆ ಕಾಣಿಸ್ತು. "ಡ್ರಾಯಿಂಗ್‌ನಾಗ ಯಾವುದನ್ನ ಮೊದ್ಲು ಕೂಡಿಸಂತ ಹೇಳ್ಯಾರ?"

ನನಗೆ ಮೈ ತಣ್ಣಗಾಯ್ತು.

ಕ್ಲಾಸಲ್ಲಿ 3-2-1 ಓದಿದ್ವಿ. ವಸ್ತುವಿಗೆ ಆರು ಚಲನೆ, ಮೂರು ಸರಿಯೋದು, ಮೂರು ತಿರುಗೋದು. ಮೊದಲ ಡೇಟಂ ಮೂರನ್ನು ಹಿಡಿಯುತ್ತೆ, ಎರಡನೇದು ಎರಡನ್ನು, ಮೂರನೇದು ಒಂದನ್ನು. ಬಾಯಿಪಾಠ ಬರ್ತಿತ್ತು. ಆದರೆ ಟೇಬಲ್ ಮೇಲೆ ಜಾಬ್ ಯಾವ ಕಡೆ ತಿರುಗಿದೆ ಅಂತ ತೀರ್ಮಾನ ಮಾಡೋದು ಎರಡನೇ ಡೇಟಂ. ಆ ಕೆಲಸವನ್ನು ನಾನು 150 ಮಿ.ಮೀ. ಬದಿಯಿಂದ ಕಿತ್ತು 30 ಮಿ.ಮೀ. ಬದಿಗೆ ಕೊಟ್ಟಿದ್ದೆ. ಗಿಡ್ಡ ಬದಿ 0.02 ಓರೆ ಇತ್ತು. ಡ್ರಾಯಿಂಗ್ ಅದಕ್ಕೆ 0.03 ಬಿಟ್ಟಿತ್ತು, ಹಾಗಾಗಿ ಅದು ತಪ್ಪೇ ಅಲ್ಲ. ಆದರೆ 30 ಮಿ.ಮೀ.ನಲ್ಲಿ 0.02 ಓರೆ ಅಂದ್ರೆ 120 ಮಿ.ಮೀ. ದೂರದ ತೂತಿನ ಹತ್ರ 0.08. ಪೊಸಿಷನ್ ಝೋನ್ ವ್ಯಾಸದ ಲೆಕ್ಕ, ಆದ್ದರಿಂದ ಎರಡರಿಂದ ಗುಣಿಸಬೇಕು. 0.16. ರಿಪೋರ್ಟ್‌ನ ಕೊನೆಯ ನಂಬರ್!

ಆರ್ಡರ್ ಬದಲಿಸಿ ಎ, ಬಿ, ಸಿ ಕೊಟ್ಟೆ. ಮತ್ತೆ ಮುಟ್ಟಿಸೋದೂ ಬೇಕಾಗ್ಲಿಲ್ಲ, ಅದೇ ಪಾಯಿಂಟ್‌ಗಳು. ನಾಲ್ಕೂ ತೂತು 0.04ರ ಒಳಗೆ ಬಂದ್ವು.

ಕಷ್ಟ ಇದ್ದದ್ದು ಆಮೇಲೆ. "ಸರ್, ರೀಚೆಕ್ ಮಾಡ್ದೆ, ಸರಿ ಬಂತು" ಅಂದಿದ್ರೆ ನಾನು ಬಚಾವ್. ಆದರೆ ಶಿಫ್ಟ್ ಬುಕ್‌ನಲ್ಲಿ ಅಣ್ಣನ ಹೆಸರು ಹಾಗೇ ಇರ್ತಿತ್ತು. ಅವರು ಪಕ್ಕದಲ್ಲೇ ನಿಂತಿದ್ರು, ಏನೂ ಕೇಳ್ಲಿಲ್ಲ. ಇನ್‌ಚಾರ್ಜ್ ಹತ್ರ ಹೋಗಿ, "ಸರ್, ಡೇಟಂ ಆರ್ಡರ್ ನಾನೇ ತಪ್ಪು ಕೊಟ್ಟಿದ್ದೆ" ಅಂದೆ. ಸರಿಯಾಗಿ ಬೈಸ್ಕೊಂಡೆ. ಉಳಿದ 19 ಪೀಸ್ ಕೂಡ ನೀನೇ ಅಳೆದು ಹೋಗು ಅಂದ್ರು. ರಾತ್ರಿ ಎಂಟಾಯ್ತು. ಬುಕ್‌ನಲ್ಲಿ ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ "ಪ್ರೋಗ್ರಾಂ ತಪ್ಪು" ಅಂತ ಬರೆದು ನನ್ನ ಸಹಿ ಹಾಕಿಸಿಕೊಂಡ್ರು.

ನಮ್ಮ ಮೆಟ್ರಾಲಜಿ ಲ್ಯಾಬ್‌ಗೆ ಹೋಗೋ ಜೂನಿಯರ್ಸ್‌ಗೆ ಒಂದೇ ಮಾತು. ರಿಪೋರ್ಟ್ ಕೆಂಪು ಬಂದ್ರೆ ಪ್ರಿಂಟ್ ಒತ್ತೋ ಮುಂಚೆ ನಂಬರ್‌ಗಳನ್ನು ಸಾಲಾಗಿ ಓದಿ. ತಪ್ಪು ಒಂದೇ ಲೆಕ್ಕದಲ್ಲಿ ಬೆಳೀತಿದ್ರೆ ಜಾಬ್‌ಗಿಂತ ಮೊದಲು ನಿಮ್ಮ ಡೇಟಂ ನೋಡ್ಕೊಳ್ಳಿ.

ಮಾರನೇ ದಿನ ಅಣ್ಣ ಗೇಟ್ ಹತ್ರದ ಅಂಗಡಿಯಲ್ಲಿ ಟೀ ಕೊಡಿಸಿದ್ರು. ಥ್ಯಾಂಕ್ಸ್ ಹೇಳ್ತಾರೇನೋ ಅನ್ಕೊಂಡಿದ್ದೆ. ಗ್ಲಾಸ್ ಇಟ್ಟು ಅವರು ಹೇಳಿದ್ದು ಇಷ್ಟೇ. "ನಾಳೆ ನಾನ ಖರೇ ತಪ್ಪಿದ್ರೂ ಹಿಂಗ ಹೇಳ್ಬೇಕು ಮತ್ತ."