ಸೂರ್ಯರಾಜನ ಬರವಣಿಗೆಯ ಮೇಜು

ಪ್ಯಾರಿಸ್ ನಗರದಿಂದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿರುವ ವರ್ಸೇಲ್ಸ್ ಅರಮನೆಗೆ ಹೋದವರು ಸಾಮಾನ್ಯವಾಗಿ ಅಲ್ಲಿಯ ಕನ್ನಡಿ ಮಂದಿರವನ್ನು ಕಂಡು ಬೆರಗಾಗಿ ಮರಳುತ್ತಾರೆ. ನಮ್ಮನ್ನು ಹಿಡಿದು ನಿಲ್ಲಿಸಿದುದು ಆ ವೈಭವವಲ್ಲ. ಎಂಟು ಕಾಲುಗಳ ಒಂದು ಸಣ್ಣ ಮೇಜು.

ಸೂರ್ಯರಾಜನೆಂದು ಹೆಸರಾದ ಹದಿನಾಲ್ಕನೆಯ ಲೂಯಿಯ ಖಾಸಗಿ ಕೋಣೆಗಾಗಿ 1685ರ ಸುಮಾರಿಗೆ ಸಿದ್ಧವಾದ ಜೋಡಿ ಮೇಜುಗಳಲ್ಲಿ ಇದೊಂದು. ಓಪನೋರ್ ಎಂಬ ಮರಗೆಲಸದ ಕುಶಲಿಯ ಕೃತಿ. ಮೇಲ್ಹಲಗೆಯನ್ನು ನಡುವೆ ಮಡಚಿದರೆ ಒಳಗೆ ಬರೆಯುವ ಜಾಗ ತೆರೆದುಕೊಳ್ಳುತ್ತದೆ. ಮೈತುಂಬ ಕೆಂಪು ಆಮೆಚಿಪ್ಪು, ಅದರಲ್ಲಿ ಹಿತ್ತಾಳೆಯ ಬಳ್ಳಿಗಳು, ನಡುವೆ ರಾಜಕಿರೀಟ.

ಈ ಕೆಲಸದ ಬಗೆ ಸೋಜಿಗದ್ದು. ಹಿತ್ತಾಳೆ ತಗಡನ್ನೂ ಆಮೆಚಿಪ್ಪಿನ ಹಾಳೆಯನ್ನೂ ಒಂದರ ಮೇಲೊಂದಿಟ್ಟು, ನವುರಾದ ಗರಗಸದಿಂದ ಒಟ್ಟಿಗೇ ಕೊಯ್ಯುತ್ತಾರೆ. ಚಿಪ್ಪಿನ ತೆರವಿನಲ್ಲಿ ಹಿತ್ತಾಳೆಯ ಚಿತ್ರ ಕೂರುತ್ತದೆ. ಉಳಿದ ಹಿತ್ತಾಳೆಯಲ್ಲಿ ಚಿಪ್ಪಿನ ಚಿತ್ರ ಕೂರುತ್ತದೆ. ಒಂದೇ ಕೊಯ್ತಕ್ಕೆ ಎರಡು ಅಲಂಕಾರ! ಇದರಲ್ಲಿ ಪರಿಣತನಾಗಿದ್ದ ಆಂದ್ರೆ ಶಾರ್ಲ್ ಬೂಲ್ (1642–1732) ಎಂಬವನ ಹೆಸರೇ ಈ ಕಲೆಗೆ ನಿಂತಿದೆ. ಆದರೆ ಮರವು ಹವೆಗೆ ತಕ್ಕಂತೆ ಹಿಗ್ಗುತ್ತ ಕುಗ್ಗುತ್ತ ಇರುವುದು. ಹಿತ್ತಾಳೆ ಅದರೊಡನೆ ಹೆಜ್ಜೆ ಹಾಕದು. ಅಂಟು ಬಿಟ್ಟು ತಗಡು ಮೇಲೇಳುತ್ತದೆ. ಆದುದರಿಂದ ಇಂತಹ ಮೇಜಿಗೆ ತಲೆತಲಾಂತರದ ಆರೈಕೆ ಬೇಕು.

ಆ ಆರೈಕೆ ಇದಕ್ಕೆ ಅರಮನೆಯಲ್ಲಿಯೇ ದೊರೆಯಲಿಲ್ಲ. ಅಗಲವಾದ ಮೇಜುಗಳ ಕಾಲ ಬಂದಿತು. ಇವು ಹಳತಾದವೆಂದು 1751ರಲ್ಲಿ ಹರಾಜಾದವು. ಜೋಡಿ ಅಗಲಿತು. ಒಂದು 1986ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಇನ್ನೊಂದನ್ನು ವರ್ಸೇಲ್ಸ್ 2015ರಲ್ಲಿ ಮರಳಿ ಪಡೆಯಿತು. ತನ್ನದನ್ನೇ ತಾನು ಮರಳಿ ಪಡೆಯಲು ಅರಮನೆಗೆ ಎರಡೂವರೆ ಶತಮಾನಕ್ಕೂ ಮಿಕ್ಕಿ ಹಿಡಿಯಿತು.

ನಮ್ಮ ಗಡಿನಾಡಿನ ಹಳೆಯ ಮನೆಗಳ ಅಟ್ಟಗಳಲ್ಲಿಯೂ ಹಿತ್ತಾಳೆ ಪಟ್ಟಿ ಬಡಿದ ಲೆಕ್ಕದ ಪೆಟ್ಟಿಗೆ, ಇಳಿಜಾರು ಮುಚ್ಚಳದ ಡೆಸ್ಕು ಧೂಳು ತಿನ್ನುತ್ತಿರಬಹುದು. ಗುಜರಿಯವನು ಹಿತ್ತಾಳೆಯನ್ನಷ್ಟೇ ತೂಗಿ ಬೆಲೆ ಹೇಳುವನು. ಅದರ ಮೇಲೆ ಕಾಗದ ಬರೆದ, ಕನ್ನಡದ ಮೊದಲ ಅಕ್ಷರ ತಿದ್ದಿಸಿದ ಕೈಗಳಿಗೆ ಅವನ ತಕ್ಕಡಿಯಲ್ಲಿ ತೂಕವಿಲ್ಲ. ರಾಜರಿಗಾದರೋ ಕಳೆದುದನ್ನು ಮರಳಿ ಕೊಳ್ಳುವವರು ಹುಟ್ಟಿಬಂದರು. ನಮ್ಮ ಅಜ್ಜಂದಿರ ಡೆಸ್ಕಿಗೆ ನಾವಲ್ಲದೆ ಇನ್ನಾರೂ ಇಲ್ಲ. ಕೊಡುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳುವುದು ಲೇಸು.