ತನಿಯ ಹೊತ್ತಿನ ದನಿ

ಹಲವರ ನಡುವೆ ನಿಂತು ನುಡಿಯಬೇಕಾದವನಿಗೆ ಎರಡು ಭಯಗಳುಂಟು. ತನ್ನ ದನಿಯು ಯಾರಿಗೂ ಕೇಳದೆ ಹೋದೀತೆಂಬುದು ಮೊದಲನೆಯದು. ಕೇಳಿಸಬೇಕೆಂಬ ಆತುರದಲ್ಲಿ ಅದು ಕರ್ಕಶವಾದೀತೆಂಬುದು ಎರಡನೆಯದು. ಸಭೆಯಲ್ಲಿ ಮಾತನಾಡುವವನಿಗೂ ಹಾಡುವವನಿಗೂ ವಾದ್ಯವನ್ನು ನುಡಿಸುವವನಿಗೂ ಈ ಭಯಗಳು ಸಮಾನವೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಲ್ಲಿ ಗಣೇಶನ ಹಬ್ಬವು ಬಂದಿತೆಂದರೆ ಬೀದಿಬೀದಿಗಳಲ್ಲಿ ಚಪ್ಪರಗಳೇಳುವುವು. ಚಪ್ಪರಗಳಲ್ಲಿ ವಾದ್ಯಗೋಷ್ಠಿಗಳು ನಡೆಯುವುವು. ಅಲ್ಲಿ ಗಾಯಕರು, ಕೀಬೋರ್ಡು, ಡ್ರಮ್ಮು, ತಬಲ, ಬಾಸ್ ಗಿಟಾರು ಇವೆಲ್ಲವುಗಳ ನಡುವೆ ವಿದ್ಯುತ್ ಗಿಟಾರನ್ನು ಹಿಡಿದ ತರುಣನೊಬ್ಬನು ನಿಂತಿರುವುದುಂಟು. ಹಾಡಿನ ಉದ್ದಕ್ಕೂ ಅವನು ಅನುಗಾಮಿ; ಎರಡು ಚರಣಗಳ ನಡುವೆ ಎಂಟು ಆವರ್ತಗಳಷ್ಟು ಹೊತ್ತು ಮಾತ್ರ ನಾಯಕ. ಆ ಎಂಟು ಆವರ್ತಗಳಲ್ಲಿ ಅವನ ದನಿಯನ್ನು ಏರಿಸುವ ಬಗೆ ಹೇಗೆಂಬುದೇ ಇಲ್ಲಿಯ ವಿಚಾರ. ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ವಿಚಾರಿಸಿ ನೋಡಿದರೆ ಇದು ಭರತಮುನಿಯ ಕಾಲದಿಂದ ಬಂದಿರುವ ಪ್ರಶ್ನೆಯೇ ಸರಿ.

ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಪ್ರೇಕ್ಷಾಗೃಹದ ಅಳತೆಗಳು ಹೇಳಲ್ಪಟ್ಟಿವೆ. ಜ್ಯೇಷ್ಠವು ೧೦೮ ಹಸ್ತ, ಮಧ್ಯಮವು ೬೪, ಕನಿಷ್ಠವು ೩೨. ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಧ್ಯಮಗೃಹವೇ ತಕ್ಕದ್ದೆಂದು ಮುನಿಯ ಮತ. ಅದಕ್ಕಿಂತ ದೊಡ್ಡದಾದರೆ ಪಾತ್ರಧಾರಿಯ ಮುಖಭಾವವು ಕಾಣದು; ದನಿಯು ದೂರಕ್ಕೆ ಹರಿಯಲಾರದೆ ‘ವಿಸ್ವರ’ವಾಗುವುದು ಎಂದು ಕಾರಣವನ್ನೂ ಕೊಟ್ಟಿದ್ದಾನೆ. ಈ ವಿಸ್ವರವೆಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ದನಿಯು ಸಣ್ಣದಾಯಿತೆಂದು ಮುನಿಯು ಹೇಳಲಿಲ್ಲ, ಸ್ವರಗೆಟ್ಟಿತೆಂದು ಹೇಳಿದನು. ಕೇಳಿಸದಿರುವುದಕ್ಕಿಂತ ಕೆಟ್ಟು ಕೇಳಿಸುವುದೇ ಹೆಚ್ಚಿನ ಹಾನಿ.

ಸಭೆಯನ್ನು ಚಿಕ್ಕದು ಮಾಡುವುದು ಸಾಧ್ಯವಿಲ್ಲದಾಗ ವಾದ್ಯವನ್ನು ದೊಡ್ಡದು ಮಾಡಬೇಕಾಗುವುದು. ನಮ್ಮ ನಾಡಿನಲ್ಲಿಯೇ ಇದಕ್ಕೆ ಉಜ್ಜ್ವಲವಾದ ನಿದರ್ಶನವುಂಟು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಮೈಸೂರು ಟಿ. ಚೌಡಯ್ಯನವರು, ಧ್ವನಿವರ್ಧಕಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ, ಪಿಟೀಲಿನ ನಾದವು ಸಭೆಯ ಕಡೆಯ ಸಾಲಿನವರಿಗೆ ಮುಟ್ಟದಿರುವುದನ್ನು ಕಂಡು ೧೯೨೭ರ ಸುಮಾರಿಗೆ ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರನ್ನು ಜೊತೆಗೂಡಿಸಿ ಏಳು ತಂತಿಗಳ ಪಿಟೀಲನ್ನು ನುಡಿಸತೊಡಗಿದರು. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರಿಗೆ ಈ ಯುಕ್ತಿಯು ಬೇಗನೆ ಅರ್ಥವಾದೀತು. ಒಂದು ಗೂಡಿನ ಎಳೆಯು ಕಣ್ಣಿಗೇ ಕಾಣದಷ್ಟು ನವಿರು. ಏಳೆಂಟು ಗೂಡುಗಳ ಎಳೆಗಳು ಒಂದಾದಾಗ ಅದು ನೂಲೆನಿಸಿಕೊಳ್ಳುವುದು. ಸರಿಯಾಗಿ ಆ ಕಾಲದಲ್ಲಿಯೇ ಅಮೆರಿಕದ ನೃತ್ಯಶಾಲೆಗಳಲ್ಲಿ ಹಿತ್ತಾಳೆಯ ತುತ್ತೂರಿಗಳ ನಡುವೆ ಗಿಟಾರಿನ ದನಿಯು ಹೂತುಹೋಗುತ್ತಿದ್ದಿತು. ಅಲ್ಲಿಯವರು ತಂತಿಗಳನ್ನು ಹೆಚ್ಚಿಸಲಿಲ್ಲ. ೧೯೩೦ರ ದಶಕದ ಆದಿಯಲ್ಲಿ ತಂತಿಯ ಕೆಳಗೆ ಅಯಸ್ಕಾಂತವನ್ನಿರಿಸಿ ಅದರ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿದರು. ಕೊರತೆಯು ಒಂದೇ, ಪರಿಹಾರಗಳು ಬೇರೆ.

ಆ ವಿದ್ಯುತ್ತನ್ನು ಬೆಳೆಸುವ ಸಾಧನವೇ ವಾಲ್ವು. ೧೯೦೬ರಲ್ಲಿ ಲೀ ಡಿ ಫಾರೆಸ್ಟನು ಗಾಜಿನ ಬುಡ್ಡಿಯೊಳಗೆ ಮೂರನೆಯ ಅಂಗವಾಗಿ ಒಂದು ಜಾಲರಿಯನ್ನು ಸೇರಿಸಿದುದು ಇದರ ಮೂಲ. ಕಾದ ತಂತುವಿನಿಂದ ಹೊರಡುವ ವಿದ್ಯುತ್ಕಣಗಳ ಪ್ರವಾಹವನ್ನು ಜಾಲರಿಯ ಮೇಲಣ ಅತ್ಯಲ್ಪ ವಿದ್ಯುದ್ಬಲವು ತಡೆದು ಬಿಟ್ಟು ಆಳುವುದು. ಇದು ಕೆರೆಯ ತೂಬಿನಂತೆಯೇ. ಕಂದವಾರದ ಕೆರೆಯ ನೀರನ್ನು ಹುಡುಗನೊಬ್ಬನು ಹೊತ್ತು ತರಲಾರನು. ತೂಬನ್ನು ಎತ್ತಿ ಇಳಿಸಿ ಹರಿಸಬಲ್ಲನು. ಗಿಟಾರಿನ ತಂತಿಯು ಆ ಹುಡುಗ, ಜಾಲರಿಯು ತೂಬು, ಆಂಪ್ಲಿಫೈಯರಿನ ವಿದ್ಯುತ್ ಸಂಚಯವೇ ಕೆರೆ. ಈ ವಾಲ್ವುಗಳು ನಮಗೆ ಕೇವಲ ಪರದೇಶದ ವಸ್ತುಗಳೆಂದು ತಿಳಿಯಬಾರದು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೧ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿದ್ದುಂಟು. ಟ್ರಾನ್ಸಿಸ್ಟರು ಬಂದು ಉಳಿದ ಕಡೆಗಳಲ್ಲೆಲ್ಲ ವಾಲ್ವನ್ನು ಓಡಿಸಿದರೂ ಗಿಟಾರಿನವರು ಮಾತ್ರ ಅದನ್ನು ಬಿಡಲಿಲ್ಲ. ಕಾರಣವೇನೆಂದರೆ, ತುಂಬಿ ತುಳುಕುವಾಗ ಟ್ರಾನ್ಸಿಸ್ಟರು ದನಿಯ ತುದಿಯನ್ನು ಕತ್ತರಿಸಿದಂತೆ ಮಾಡುವುದು. ವಾಲ್ವು ಅದನ್ನು ಮೆಲ್ಲನೆ ದುಂಡಗೆ ಮಾಡುವುದು.

ಇಲ್ಲಿಯೇ ತೊಡಕು. ತೂಬನ್ನು ಪೂರ್ತಿಯಾಗಿ ಎತ್ತಿದ ಮೇಲೆ ಇನ್ನೂ ಎಷ್ಟು ಎಳೆದರೂ ಒಂದು ಹನಿ ನೀರು ಹೆಚ್ಚಾಗಿ ಬರದು. ವಾಲ್ವಿನ ಆಂಪ್ಲಿಫೈಯರಿಗೆ ಎರಡು ಅಂಗಗಳುಂಟು. ಸಣ್ಣ ವಾಲ್ವುಗಳ ಮೊದಲ ಭಾಗವನ್ನು ಪೂರ್ವಾಂಗವೆಂದೂ, ಸ್ಪೀಕರನ್ನು ನಡೆಸುವ ದೊಡ್ಡ ವಾಲ್ವುಗಳ ಭಾಗವನ್ನು ಉತ್ತರಾಂಗವೆಂದೂ ಕರೆಯೋಣ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಬೂಸ್ಟ್ ಪೆಡಲೆಂಬ ಕಾಲ್ಮೆಟ್ಟನ್ನಿಟ್ಟು, ತನಿಯ ಹೊತ್ತಿಗೆ ಅದನ್ನು ತುಳಿಯುವುದು ರೂಢಿ. ಪೂರ್ವಾಂಗವು ಇನ್ನೂ ತುಂಬದೆ ಸ್ವಚ್ಛವಾಗಿ ನುಡಿಯುತ್ತಿದ್ದರೆ ದನಿಯು ಏರುವುದು ನಿಶ್ಚಯ. ಅದು ಆಗಲೇ ತುಂಬಿ ಗೊರಗೊರನೆ ನುಡಿಯುತ್ತಿದ್ದರೆ, ಪೆಡಲು ಕೊಡುವ ಹೆಚ್ಚಿನ ಬಲವೆಲ್ಲವೂ ಗೊರಗಿಗೇ ಸಲ್ಲುವುದು. ನಾದವು ದಪ್ಪವಾಗುವುದು, ಎಳೆತವು ಉದ್ದವಾಗುವುದು, ಎತ್ತರವಾಗದು.

ಚಿಂತಾಮಣಿಯಲ್ಲಿ ಒಂದು ರಾತ್ರಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರೊಬ್ಬರ ಮಗನು, ಬೆಂಗಳೂರಿನಿಂದ ವಾಲ್ವಿನ ಆಂಪ್ಲಿಫೈಯರನ್ನು ಬಾಡಿಗೆಗೆ ತಂದು, ಗೋಷ್ಠಿಯೊಂದರಲ್ಲಿ ಮೊದಲ ಸಲ ತನಿಯನ್ನು ನುಡಿಸಿದನು. ಎರಡು ವರ್ಷ ಸಾಧನೆ ಮಾಡಿದ ಕೈ ತಪ್ಪಲಿಲ್ಲ. ಪೆಡಲನ್ನು ತುಳಿದುದೂ ಉಂಟು. ತಂದೆಯು ಕಡೆಯ ಸಾಲಿನಲ್ಲಿ ನಿಂತಿದ್ದನು. ಮರುದಿನ ಬೆಳಿಗ್ಗೆ ಅವನು ಆಡಿದುದು ಒಂದೇ ಮಾತು: “ನಿನ್ನ ಕೈ ಆಡುತ್ತಿದ್ದುದನ್ನು ಕಂಡೆ, ದನಿ ಯಾವುದೆಂದು ತಿಳಿಯಲಿಲ್ಲ.” ನಿಂದೆಯಾಗಿದ್ದರೆ ಮಗನು ಸಹಿಸುತ್ತಿದ್ದನು. ಅದು ನಿಂದೆಯಾಗಿರಲಿಲ್ಲ, ಇದ್ದ ಸಂಗತಿಯಾಗಿದ್ದಿತು. ಹುಡುಗನು ವಾದ್ಯವನ್ನು ಪೆಟ್ಟಿಗೆಗೆ ಹಾಕಿ ಹದಿನೈದು ದಿನ ತೆರೆಯಲಿಲ್ಲ.

ಅವನಿಗೆ ಹಾದಿಯನ್ನು ತೋರಿಸಿದವನು ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಮುದುಕನೊಬ್ಬನು. ಅವನು ಆಂಪ್ಲಿಫೈಯರಿನ ಹಿಂಬದಿಯಲ್ಲಿದ್ದ ಎರಡು ರಂಧ್ರಗಳನ್ನು ತೋರಿಸಿದನು. ಪೂರ್ವಾಂಗದಿಂದ ಹೊರಬಂದ ದನಿಯನ್ನು ಉತ್ತರಾಂಗಕ್ಕೆ ಹೋಗುವ ಮುನ್ನ ಹೊರಗೆ ಕರೆದು ಮತ್ತೆ ಒಳಗೆ ಬಿಡುವ ಸುತ್ತುದಾರಿ ಅದು. ಲೂಪೆಂದು ಅದರ ಹೆಸರು. ಅದೇ ಪೆಡಲನ್ನು ಆ ದಾರಿಯಲ್ಲಿಟ್ಟರೆ, ದನಿಯ ಬಣ್ಣವನ್ನು ಪೂರ್ವಾಂಗವು ತೀರಿಸಿಯಾದ ಮೇಲೆ ಅದರ ಗಾತ್ರ ಮಾತ್ರ ಏರುವುದು. ಲೂಪಿಲ್ಲದ ಹಳೆಯ ಮಾದರಿಯಾದರೆ ಪೂರ್ವಾಂಗವನ್ನು ಸ್ವಚ್ಛವಾಗಿಯೇ ಇರಿಸಿ, ಗಿಟಾರಿನ ಮೇಲಣ ಗುಂಡಿಯನ್ನು ಹತ್ತರಲ್ಲಿ ಆರೇಳಕ್ಕೆ ಇಳಿಸಿ ಪಕ್ಕವಾದ್ಯವನ್ನು ನುಡಿಸಬೇಕು. ತನಿಗೆ ಪೂರ್ತಿ ತೆರೆಯಬೇಕು. ಆದರೆ ಎರಡಕ್ಕೂ ಒಂದು ನಿಯಮವುಂಟು. ಉತ್ತರಾಂಗವೂ ಮೊದಲೇ ತುಂಬಿದ್ದರೆ ಯಾವ ಯುಕ್ತಿಯೂ ನಡೆಯದು. ಏರಬೇಕೆಂಬವನು ಏರುವುದಕ್ಕೆ ಸ್ಥಳವನ್ನು ಮೊದಲೇ ಉಳಿಸಿಕೊಂಡಿರಬೇಕು. ಹುಡುಗನು ಹಾಗೆಯೇ ಮಾಡಿದನು. ಮುಂದೆ ಗೌರಿಬಿದನೂರಿನಲ್ಲಿ ನುಡಿಸಿದಾಗಲೂ ತಂದೆಯು ಕಡೆಯ ಸಾಲಿನಲ್ಲಿಯೇ ನಿಂತಿದ್ದನು. “ಇಂದು ಎಳೆ ಕಡಿಯಲಿಲ್ಲ” ಎಂದನು. ರೇಷ್ಮೆ ಬಿಚ್ಚುವವನ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಏರಿಕೆಯ ಅಳತೆಯನ್ನೂ ತಿಳಿದಿರುವುದು ಒಳ್ಳೆಯದು. ಕಿವಿಯ ಲೆಕ್ಕವು ಅಂಗಡಿಯ ಲೆಕ್ಕದಂತಲ್ಲ. ಐವತ್ತು ವ್ಯಾಟಿನ ಯಂತ್ರವನ್ನು ಬಿಟ್ಟು ನೂರು ವ್ಯಾಟಿನದನ್ನು ತಂದರೆ ದನಿಯು ಇಮ್ಮಡಿಯಾಯಿತೆಂದು ಹಣ ಕೊಟ್ಟವನು ಎಣಿಸುವನು. ಕಿವಿಗೆ ಹೆಚ್ಚಿದುದು ೩ ಡೆಸಿಬಲ್ಲು ಮಾತ್ರ. ಇಮ್ಮಡಿಯೆಂದು ಕಿವಿಯು ಒಪ್ಪಬೇಕಾದರೆ ಸುಮಾರು ೧೦ ಡೆಸಿಬಲ್ಲು, ಎಂದರೆ ಹತ್ತುಪಟ್ಟು ಶಕ್ತಿ ಬೇಕು. ಒಂದು ಪಿಟೀಲಿನ ಇಮ್ಮಡಿಯಾಗಿ ಕೇಳಿಸಲು ಹತ್ತು ಪಿಟೀಲುಗಳು ಬೇಕೆಂದಂತಾಯಿತು. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿಯ ಪ್ರೇಷಕವು ಮೂವತ್ತು ವ್ಯಾಟಿನದು. ವ್ಯಾಟುಗಳ ಸಂಖ್ಯೆಯೊಂದೇ ಹಿರಿಮೆಯನ್ನು ನಿರ್ಣಯಿಸದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ತನಿಗೆ ೩ರಿಂದ ೬ ಡೆಸಿಬಲ್ಲು ಏರಿದರೆ ಸಾಕು. ಅದರ ಜೊತೆಗೆ ನಡುವಣ ಸ್ವರಗಳನ್ನು, ಸುಮಾರು ೫೦೦ರಿಂದ ೨೦೦೦ ಕಂಪನಗಳವರೆಗಿನ ಪಟ್ಟಿಯನ್ನು, ಸ್ವಲ್ಪ ಮುಂದೆ ತಂದು, ತಗ್ಗಿನ ಸ್ವರಗಳನ್ನು ಬಾಸ್ ಗಿಟಾರಿಗೆ ಬಿಟ್ಟುಕೊಟ್ಟರೆ, ಗಾತ್ರವನ್ನು ಏರಿಸದೆಯೇ ದನಿಯು ಗುಂಪನ್ನು ಸೀಳಿಕೊಂಡು ಹೊರಬರುವುದು. ಆಂಪ್ಲಿಫೈಯರಿನ ಮುಂದೆ ಮೈಕನ್ನಿಟ್ಟಿದ್ದರೆ, ತನಿಯು ಯಾವಾಗ ಬರುವುದೆಂಬುದನ್ನು ಮಿಕ್ಸರಿನ ಬಳಿ ಕುಳಿತವನಿಗೆ ಮುಂಚೆಯೇ ಹೇಳಿರಬೇಕು. ಇಲ್ಲದಿದ್ದರೆ ಅವನು ಏರಿದ ದನಿಯನ್ನು ದೋಷವೆಂದು ಬಗೆದು ಇಳಿಸಿಬಿಡುವನು.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ನಾದವು ಮೃದುವಾಗಿರುವುದೇ ಸೊಗಸು; ವೀಣೆಯನ್ನು ಕೇಳಬೇಕಾದವನು ವೀಣೆಯ ಬಳಿಗೆ ಹೋಗಿ ಕುಳಿತುಕೊಳ್ಳಲಿ; ಈ ಯಂತ್ರಗಳೆಲ್ಲ ಸಂಗೀತಕ್ಕೆ ಶತ್ರುಗಳೆಂದು ಕೆಲವರ ವಾದ. ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಚೌಡಯ್ಯನವರು ಏಳು ತಂತಿಗಳನ್ನು ಬಿಗಿದುದು ಕಡೆಯ ಸಾಲಿನಲ್ಲಿ ಕುಳಿತ ಬಡವನಿಗಾಗಿ. ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸರು (೧೯೬೯–೨೦೧೪) ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿಯೇ ಕರ್ಣಾಟಕ ಸಂಗೀತದ ಗಮಕಗಳನ್ನು ನುಡಿಸಿ ವಿದ್ವಾಂಸರಿಂದ ತಲೆದೂಗಿಸಿದರು. ವಿದ್ಯುತ್ತು ಅವರ ಸ್ವರವನ್ನು ಕೆಡಿಸಲಿಲ್ಲ. ಕೆಡಿಸುವುದು ಯಂತ್ರವಲ್ಲ, ಮಿತಿಯನ್ನರಿಯದ ಕೈ.

ಇನ್ನೊಂದು ಹಾದಿಯೂ ಉಂಟು. ಅದು ಎಲ್ಲಕ್ಕಿಂತ ಹಳೆಯದು, ಖರ್ಚಿಲ್ಲದ್ದು. ನಮ್ಮ ಕಚೇರಿಗಳಲ್ಲಿ ತನಿ ಆವರ್ತನವು ಬಂದಾಗ ಗಾಯಕನೂ ಪಿಟೀಲಿನವನೂ ಸುಮ್ಮನಾಗುವರು. ಮೃದಂಗವು ಮೊದಲಿಗಿಂತ ಜೋರಾಗಿ ನುಡಿಯಬೇಕಾಗಿಲ್ಲ. ಉಳಿದವರ ಮೌನವೇ ಅದನ್ನು ಎತ್ತಿ ಹಿಡಿಯುವುದು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೋದವರು, ನಾರೇಯಣ ಯತೀಂದ್ರರ ಪದಗಳನ್ನು ಭಜನೆಯ ಮೇಳದವರು ಹಾಡುವ ಕ್ರಮವನ್ನು ಗಮನಿಸಿರಬಹುದು. ಒಬ್ಬನು ಸೊಲ್ಲನ್ನು ಎತ್ತುವಾಗ ಮಿಕ್ಕವರು ತಾಳವನ್ನು ಮೆಲ್ಲಗೆ ಹಿಡಿಯುವರು. ಅವನು ಬಿಟ್ಟೊಡನೆ ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುವರು. ಅಲ್ಲಿ ಪೆಡಲೂ ಇಲ್ಲ, ಲೂಪೂ ಇಲ್ಲ, ಪರಸ್ಪರ ಮರ್ಯಾದೆಯುಂಟು. ಗಿಟಾರಿನ ತನಿ ಬಂದಾಗ ಕೀಬೋರ್ಡಿನವನು ತನ್ನ ದನಿಯನ್ನು ಸ್ವಲ್ಪ ತಗ್ಗಿಸಿದರೆ, ಡ್ರಮ್ಮಿನವನು ತಾಳದ ತಟ್ಟೆಗಳನ್ನು ತುಸು ಬಿಟ್ಟರೆ, ಆರು ಡೆಸಿಬಲ್ಲಿನ ಕೆಲಸವು ಮೂರರಲ್ಲಿ ಮುಗಿಯುವುದು. ಹಾಗಿಲ್ಲದೆ ಒಬ್ಬನು ಏರಿದನೆಂದು ಇನ್ನೊಬ್ಬನೂ ಏರಿದರೆ, ಗೋಷ್ಠಿಯು ಸಂತೆಯಾಗುವುದಕ್ಕೆ ಅರ್ಧ ಗಂಟೆ ಸಾಕು.

ಸಂತೆಯಾದರೆ ಕೆಡುವುದು ಸಂಗೀತವೊಂದೇ ಅಲ್ಲ. ೮೫ ಡೆಸಿಬಲ್ಲಿನ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚಾಗಿ ಇರಬಾರದೆಂದೂ, ಪ್ರತಿ ೩ ಡೆಸಿಬಲ್ಲಿಗೆ ಆ ಅವಧಿಯು ಅರ್ಧವಾಗುವುದೆಂದೂ ತಜ್ಞರು ಹೇಳುವರು. ಆ ಲೆಕ್ಕದಂತೆ ೧೦೦ ಡೆಸಿಬಲ್ಲಿನಲ್ಲಿ ಕಾಲು ಗಂಟೆಯೇ ಮಿತಿ. ಶ್ರುತಿಯನ್ನು ಹಿಡಿಯಬೇಕಾದ ಕಿವಿಯನ್ನೇ ಕಳೆದುಕೊಂಡ ವಾದಕನಿಗೆ ಯಾವ ಆಂಪ್ಲಿಫೈಯರೂ ನೆರವಾಗದು. ಬೀದಿಯ ಮನೆಗಳಲ್ಲಿ ಶಿಶುಗಳೂ ರೋಗಿಗಳೂ ಪರೀಕ್ಷೆಗೆ ಓದುವ ಮಕ್ಕಳೂ ಇರುವರು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಗಳಿಗೆ ಹಗಲು ೫೫, ರಾತ್ರಿ ೪೫ ಡೆಸಿಬಲ್ಲೆಂದು ಗೊತ್ತುಮಾಡಿ, ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಗಳನ್ನು ನಿಷೇಧಿಸಿವೆ. ನಿಯಮಕ್ಕೆ ಅಂಜಿ ಇಳಿಸುವುದಕ್ಕಿಂತ ನೆರೆಯವನನ್ನು ನೆನೆದು ಇಳಿಸುವುದು ಮೇಲು.

ದನಿಯನ್ನು ಏರಿಸುವ ವಿದ್ಯೆಯೆಂದು ಕರೆದುದು ಹೀಗೆ ಬಹುಮಟ್ಟಿಗೆ ಇಳಿಸುವ ವಿದ್ಯೆಯೇ ಆಗಿ ಕಂಡುಬರುವುದು. ಅನುಗಾಮಿಯಾಗಿದ್ದಾಗ ತಗ್ಗಿ ನುಡಿದವನಿಗೆ ಮಾತ್ರ ತನಿಯ ಹೊತ್ತಿನಲ್ಲಿ ಏರುವ ಎಡೆಯುಂಟು. ಎಂಟು ಆವರ್ತಗಳು ತೀರಿದೊಡನೆ ಪೆಡಲನ್ನು ಮತ್ತೊಮ್ಮೆ ತುಳಿದು ಮೊದಲಿನ ಸ್ಥಾನಕ್ಕೆ ಮರಳುವುದನ್ನೂ ಅವನು ಮರೆಯಬಾರದು. ಮುಂದಿನ ಚರಣವು ಗಾಯಕನದು. ಅವನ ಮಾತೂ ಕಡೆಯ ಸಾಲಿಗೆ ಕೇಳಬೇಕಷ್ಟೆ.