ತಡವಾಗಿ ಬಂದವರಿಗೂ ಒಂದು ಕೀರ್ತನೆ

ಪಶ್ಚಿಮ ಬೆಂಗಳೂರಿನವರಿಗೆ ಮೈಸೂರು ರಸ್ತೆ ಎಂದರೆ ಊರಿಗೆ ಹೋಗುವ ದಾರಿ. ನಾಯಂಡಹಳ್ಳಿ, ಕೆಂಗೇರಿ ದಾಟುವ ಹೊತ್ತಿಗೆ ಮನಸ್ಸು ಆಗಲೇ ಮದ್ದೂರೋ ಮಂಡ್ಯವೋ ತಲುಪಿರುತ್ತದೆ. ಹಾಗಾಗಿ ಕುಂಬಳಗೋಡಿನ ಹತ್ತಿರ ಆಶೀರ್ವನಂ ಎಂಬ ಬೆನೆಡಿಕ್ಟೀನ್ ಮಠವಿದೆ ಎನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹೆದ್ದಾರಿಯ ಗದ್ದಲದ ಮಗ್ಗುಲಲ್ಲೇ, ಗಂಟೆ ಹೊಡೆದೊಡನೆ ಕೈಲಿದ್ದ ಕೆಲಸ ಬಿಟ್ಟು ಪ್ರಾರ್ಥನೆಗೆ ಏಳುವ ಸನ್ಯಾಸಿಗಳು ದಶಕಗಳಿಂದ ಅಲ್ಲಿ ಬಾಳುತ್ತಿದ್ದಾರೆ. ಬಾಗಿಲು ಸದ್ದಾದರೂ ತಲೆಯೆತ್ತದಂತೆ ಕೆಲಸದಲ್ಲಿ ಮುಳುಗುವ ನಮ್ಮ ನಗರದ ಅಂಚಿನಲ್ಲಿ ಇಂಥವರು ಇದ್ದಾರೆ ಎಂಬ ನೆನಪೇ ನನಗೊಂದು ಸಮಾಧಾನ.

ಇವರ ದಿನಚರಿಯ ಬೇರು 6ನೇ ಶತಮಾನದ ಇಟಲಿಯಲ್ಲಿದೆ. ಮೊಂಟೆ ಕಸಿನೊ ಬೆಟ್ಟದ ಮೇಲೆ ಮಠ ಕಟ್ಟಿದ ಸಂತ ಬೆನೆಡಿಕ್ಟರು 73 ಅಧ್ಯಾಯಗಳ ನಿಯಮವೊಂದನ್ನು ಬರೆದರು. ಹಗಲಿನಲ್ಲಿ ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ವಾರ ಮುಗಿಯುವುದರೊಳಗೆ ಬೈಬಲಿನ 150 ಕೀರ್ತನೆಗಳೂ ಮುಗಿಯಬೇಕು. ಓದಿಗೆ, ಕೈಕೆಲಸಕ್ಕೆ, ಊಟಕ್ಕೆ, ನಿದ್ದೆಗೆ ಎಲ್ಲಕ್ಕೂ ಹೊತ್ತು ಗೊತ್ತುಮಾಡಿದ್ದಾರೆ. ಮೇಲ್ನೋಟಕ್ಕೆ ಬಲು ಬಿಗಿಯಾದ ಕಟ್ಟಳೆ.

ಆದರೆ 43ನೇ ಅಧ್ಯಾಯಕ್ಕೆ ಬಂದಾಗ ಕಣ್ಣು ನಿಲ್ಲುತ್ತದೆ. ರಾತ್ರಿಯ ಪ್ರಾರ್ಥನೆಯ ಆರಂಭದಲ್ಲಿ ಬರುವ ಒಂದು ಕೀರ್ತನೆಯನ್ನು ಎಳೆದೆಳೆದು ನಿಧಾನವಾಗಿ ಹೇಳಬೇಕಂತೆ. ಏಕೆಂದರೆ ನಿದ್ದೆಯಿಂದ ಏಳಲು ತಡವಾದವನು ಅದು ಮುಗಿಯುವುದರೊಳಗೆ ಬಂದು ಸೇರಿಕೊಳ್ಳಲಿ. ಆಮೇಲೂ ತಡವಾದವನಿಗೆ ಕೊನೆಯ ಜಾಗವೇ ಗತಿ. ಆದರೂ ಅವನು ಹೊರಗೆ ಉಳಿಯಬಾರದು, ಒಳಗೇ ಬರಬೇಕು. ಕಟ್ಟುನಿಟ್ಟಿನ ನಡುವೆ ಇಷ್ಟು ಕರುಣೆ! ಒಬ್ಬ ಸೋಮಾರಿಗಾಗಿ ಇಡೀ ಮಠ ದನಿ ನಿಧಾನಿಸುತ್ತದೆ. 49ನೇ ಅಧ್ಯಾಯ ಇನ್ನೊಂದು ಬಗೆಯಲ್ಲಿ ಸೊಗಸು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಯಾರಾದರೂ ಹೆಚ್ಚಿನ ಉಪವಾಸವನ್ನೋ ಜಪವನ್ನೋ ಹಿಡಿಯಬೇಕೆಂದರೆ ಮಠಾಧಿಪತಿಗೆ ಹೇಳಿ ಒಪ್ಪಿಗೆ ಪಡೆಯಬೇಕು. ಹೇಳದೆ ಮಾಡಿದ್ದು ಒಣಹೆಮ್ಮೆಯ ಲೆಕ್ಕಕ್ಕೆ ಹೋಗುತ್ತದೆ, ಪುಣ್ಯದ ಲೆಕ್ಕಕ್ಕಲ್ಲ.

ಸೋತವನಿಗೆ ಕರುಣೆ, ಗೆದ್ದವನಿಗೆ ಕಡಿವಾಣ. ಇವೆರಡೂ ಒಂದೇ ನಂಬಿಕೆಯಿಂದ ಹುಟ್ಟಿದವು. ದೇವರು ಮೊದಲೇ ಪ್ರೀತಿಸಿದ್ದಾನೆ, ನಾವು ಮಾಡುವುದೆಲ್ಲ ಅದಕ್ಕೆ ಓಗೊಡುವುದು ಮಾತ್ರ ಎಂಬ ನಂಬಿಕೆ ಅದು. ಅದಿಲ್ಲದೆ ಹೋದರೆ ಪ್ರಾರ್ಥನೆ ಮನೆಸಾಲದ ಕಂತಿನಂತೆ ಆಗಿಬಿಡುತ್ತದೆ: ಕಟ್ಟಿದ ತಿಂಗಳು ಬೀಗುವುದು, ತಪ್ಪಿದ ತಿಂಗಳು ನಡುಗುವುದು.

ಬೆನೆಡಿಕ್ಟೀನರ ವ್ರತಗಳಲ್ಲಿ ಒಂದು, ಸೇರಿದ ಮಠದಲ್ಲೇ ಕಡೆಯವರೆಗೆ ನೆಲೆ ನಿಲ್ಲುವುದು. ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ರಾಜಾಜಿನಗರದಿಂದ ಬಸವೇಶ್ವರನಗರಕ್ಕೆ, ಅಲ್ಲಿಂದ ಕೆಂಗೇರಿ ಉಪನಗರಕ್ಕೆ ಗಂಟುಮೂಟೆ ಹೊರುವ ನಮಗೆ ಇದು ಬೆರಗು. ನೆರೆಯವನ ಕೆಮ್ಮು, ಅಪಸ್ವರ, ಸಿಡುಕು ಎಲ್ಲವನ್ನೂ ಸಾಯುವತನಕ ಸಹಿಸುವುದೂ ಒಂದು ತಪಸ್ಸೇ. ಇವರೊಡನೆಯೇ ದೇವರು ನನ್ನನ್ನು ಕೂಡಿಸಿದ್ದಾನೆ ಎಂಬ ನಂಬಿಕೆ ಇದ್ದವನಿಗೆ ಮಾತ್ರ ಅದು ಸಾಧ್ಯ.

ಹಾಗೆಂದು ನಂಬಿಕೆ ಯಾವ ರೂಪಕ್ಕೂ ಕಟ್ಟುಬಿದ್ದದ್ದಲ್ಲ. 1955ರಲ್ಲಿ ಬೀಡ್ ಗ್ರಿಫಿತ್ಸ್ ಎಂಬ ಇಂಗ್ಲೆಂಡಿನ ಬೆನೆಡಿಕ್ಟೀನ್ ಸನ್ಯಾಸಿ ಮಠ ಕಟ್ಟಲೆಂದು ಇದೇ ಕೆಂಗೇರಿಗೆ ಬಂದರು. ಇಲ್ಲಿಯ ಬಾಳು ತೀರ ಪಾಶ್ಚಾತ್ಯ ರೀತಿಯದಾಯಿತು ಅನಿಸಿ, 1958ರಲ್ಲಿ ಕೇರಳದ ಕುರಿಶುಮಲ ಆಶ್ರಮಕ್ಕೆ ಹೊರಟರು. ಕಾವಿ ಉಟ್ಟರು. 1968ರಲ್ಲಿ ಕಾವೇರಿ ದಂಡೆಯ ಶಾಂತಿವನಕ್ಕೆ ಹೋಗಿ, 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ನೆಲೆಸಿದರು. ಅವರು ಹೊರಟುಹೋದದ್ದೂ, ಆಶೀರ್ವನಂ ಇಲ್ಲೇ ಉಳಿದದ್ದೂ ಎರಡೂ ನಂಬಿಕೆಯ ಕೆಲಸವೆಂದೇ ನಾನು ತಿಳಿದಿದ್ದೇನೆ.

ಮಠದ ಮಾತು ಹಾಗಿರಲಿ, ನಮ್ಮ ಬಡಾವಣೆಯ ಕಥೋಲಿಕ ಮನೆಗಳಿಗೆ ಬನ್ನಿ. ಯೇಸುವಿನ ಪಟದ ಹಿಂದೆ ಸಿಕ್ಕಿಸಿದ ಒಂದು ಒಣ ಗರಿ ಕಾಣುತ್ತದೆ. ಗರಿಗಳ ಭಾನುವಾರ ಚರ್ಚಿನಿಂದ ತಂದದ್ದು. ಮಕ್ಕಳು ಅದನ್ನು ಸೀಳಿ, ಮಡಚಿ, ಪುಟ್ಟ ಶಿಲುಬೆ ಹೆಣೆದಿರುತ್ತಾರೆ. ಹಸಿರು ಹೋಗಿ ಹಳದಿಯಾಗಿ, ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮುರಿಯುವಂತಾದಾಗ ಮತ್ತೆ ಚರ್ಚಿಗೆ ಹೋಗುತ್ತದೆ. ಅದನ್ನು ಸುಟ್ಟ ಬೂದಿಯೇ ವಿಭೂತಿ ಬುಧವಾರ ಹಣೆಗೆ ಬರುವುದು. ಜಯಘೋಷದ ಗರಿಯೇ ಪಶ್ಚಾತ್ತಾಪದ ಬೂದಿ. ಆ ಬುಧವಾರದಿಂದ ಈಸ್ಟರಿನ ಮುನ್ನಾದಿನದವರೆಗೆ ಎಣಿಸಿದರೆ 46 ದಿನ. ತಪಸ್ಸಿನ ದಿನಗಳು ಮಾತ್ರ 40. ನಡುವಿನ ಆರು ಭಾನುವಾರಗಳು ಲೆಕ್ಕಕ್ಕಿಲ್ಲ, ಏಕೆಂದರೆ ಭಾನುವಾರ ಪುನರುತ್ಥಾನದ ದಿನ. ಎಂಥ ಉಪವಾಸವೂ ಆ ಸಂತೋಷವನ್ನು ಮುಚ್ಚುವಂತಿಲ್ಲ. ಪಂಚಾಂಗದೊಳಗೇ ನಂಬಿಕೆ ಹೀಗೆ ಕೈಯಾಡಿಸಿದೆ.

ಸಂಜೆಯ ಜಪಸರಕ್ಕೂ ಇದೇ ಮಾತು ಸಲ್ಲುತ್ತದೆ. ಕುಕ್ಕರ್ ಇಳಿಸಿ, ಟಿವಿ ಆರಿಸಿ, ಚಾಪೆ ಹಾಸಿ ಮನೆಯವರೆಲ್ಲ ಕೂರುತ್ತಾರೆ. ಒಬ್ಬರು ನಮೋ ಮರಿಯ ಜಪದ ಮೊದಲರ್ಧ ಹೇಳಿದರೆ ಉಳಿದವರು ಕೊನೆಯರ್ಧ. ಪೀಣ್ಯದಲ್ಲಿ ದುಡಿದು ಬಂದ ಅಪ್ಪನಿಗೆ ಮೂರನೆಯ ರಹಸ್ಯದ ಹೊತ್ತಿಗೆ ತೂಕಡಿಕೆ. ಮಣಿ ಅವನ ಬೆರಳಲ್ಲಿ ನಿಂತರೂ ಜಪ ನಿಲ್ಲುವುದಿಲ್ಲ. ಮಗಳು ಅವನ ಪಾಲನ್ನೂ ಹೇಳಿ ಮುಂದೆ ಸಾಗುತ್ತಾಳೆ.

ಆ ತೂಕಡಿಕೆಯನ್ನು ದೇವರು ಜಪದಿಂದ ಕಳೆದುಹಾಕುತ್ತಾನೆಂದು ನಾನು ನಂಬುವುದಿಲ್ಲ. ದುಡಿದು ದಣಿದವನು ಮಲಗುವ ಬದಲು ಚಾಪೆಗೆ ಬಂದು ಕೂತನಲ್ಲ, ಅವನ ಪ್ರಾರ್ಥನೆ ಅಲ್ಲೇ ಆಯಿತು. ದಿನದಿನದ ಅಭ್ಯಾಸ ಬೇಕು, ಬೇಡವೆನ್ನಲಾರೆ. ಅದಿಲ್ಲದಿದ್ದರೆ ನಂಬಿಕೆ ಬರೀ ಬಾಯಿಮಾತಾಗುತ್ತದೆ. ಆದರೆ ನಾವು ನಿಯಮವನ್ನು ಹಿಡಿದಿರುವುದಕ್ಕಿಂತ ಗಟ್ಟಿಯಾಗಿ ದೇವರು ನಮ್ಮನ್ನು ಹಿಡಿದಿದ್ದಾನೆ. ಇದನ್ನು ನಂಬಿದವರು ತಪ್ಪಿಹೋದ ದಿನದ ಮರುದಿನವೂ ನಾಚದೆ ಬಂದು ಕೂರಬಲ್ಲರು.